ಮುಗಿಯುವ ಮೊದಲಿನ ಸಾಕ್ಷಿ

ಹಲ್ಲಿನ ಸೆಟ್ಟಿನ ಅಂಚನ್ನು ಮರಳುಕಾಗದದಿಂದ ಉಜ್ಜುತ್ತ ಅವನು ನಡುನಡುವೆ ಅದನ್ನು ತನ್ನ ಕೆಳತುಟಿಗೆ ಒತ್ತಿ ನೋಡಿಕೊಳ್ಳುತ್ತಿದ್ದ. ಬೆರಳಿಗೆ ತಿಳಿಯದ ತರಿ ತುಟಿಗೆ ತಿಳಿಯುತ್ತದೆ. ಮೂವತ್ತು ವರ್ಷ ಬೇರೆಯವರ ಬಾಯಿಗೆ ಹಲ್ಲು ಕಟ್ಟಿದವನಿಗೆ ಇಷ್ಟಾದರೂ ಗೊತ್ತಿರಬೇಕು. ಗೋಡೆಯ ಆಚೆ ಡಾಕ್ಟರಮ್ಮನ ಯಂತ್ರ ಕುಯ್ಯೆಂದು ಯಾರದೋ ಹಲ್ಲನ್ನು ಕೊರೆಯುತ್ತಿತ್ತು. ಈಚೆ, ಒಂದೇ ಕಿಟಕಿಯ ಈ ಹಿಂಬದಿ ಕೋಣೆಯಲ್ಲಿ, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದು ಕೂತಿದ್ದವು. ಕೈಯಲ್ಲಿದ್ದ ಸೆಟ್ಟು ಅವನ ಬಾಲ್ಯದ ಸಂಡೇ ಸ್ಕೂಲ್ ಟೀಚರದು. ಅವರಿಗೀಗ ಎಂಬತ್ತಾರು, ಮೆಟ್ಟಿಲಿಳಿಯಲಾರರು. ಮಧ್ಯಾಹ್ನ ತಾನೇ ಹೋಗಿ ಹಾಕಿ ಬರುತ್ತೇನೆಂದು ಡಾಕ್ಟರಮ್ಮನನ್ನು ಒಪ್ಪಿಸಿದ್ದ. ಆಗ ಫೋನು ಬಡಿದುಕೊಂಡಿತು. ಪಾಸ್ಟರ್. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮಾತಿಗೆ ಮುಂಚೆ ನಗುವವರು. ನಾಳೆ ನಮ್ಮ ಚರ್ಚಿನ ವಾರ್ಷಿಕ ಆರಾಧನೆ ತಾನೇ, ಬೇರೆ ಮೂರು ಸಭೆಗಳಿಂದಲೂ ಜನ ಬರುತ್ತಾರೆ, ಎರಡನೆಯ ಹಾಡು ಮುಗಿದ ಮೇಲೆ ದೊಡ್ಡ ಪ್ರಾರ್ಥನೆ ನಿಮ್ಮದೇ, ಐದು ನಿಮಿಷ, ಬೇಕಾದರೆ ಹತ್ತೂ ತಗೊಳ್ಳಿ, ನಿಮ್ಮ ಪ್ರಾರ್ಥನೆ ಕೇಳುವುದಕ್ಕೇ ಬರುವವರಿದ್ದಾರೆ ಅಣ್ಣ, ಎಂದರು. ಅವನು ಆಯ್ತು ಎಂದ. ಆ ಮಾತು ಬಾಯಿಂದ ಅದೆಷ್ಟು ಸಲೀಸಾಗಿ ಜಾರಿತೆಂದರೆ ಫೋನಿಟ್ಟ ಮೇಲೂ ಅವನು ಸ್ವಲ್ಪ ಹೊತ್ತು, ಹೇಳಿದವನು ತಾನೋ ಇನ್ನೊಬ್ಬನೋ ಎಂಬಂತೆ ಆ ಕಡೆ ಈ ಕಡೆ ನೋಡಿದ. ಕಪಾಟಿನಲ್ಲಿದ್ದ ಬಾಯಿಗಳಲ್ಲಿ ಒಂದೂ ಸಾಕ್ಷಿ ಹೇಳುವಂತಿರಲಿಲ್ಲ.

ಹದಿನೇಳು ತಿಂಗಳು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಅವನು ಬೆಳಿಗ್ಗೆ ಐದಕ್ಕೆ ಅಡುಗೆಮನೆಯ ಮೂಲೆಯ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರೆ ಸಾಕಿತ್ತು. ಏನೂ ಕಾಣುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ, ಅಂಥ ಬುರುಡೆ ಬಿಡುವವರನ್ನು ಕಂಡರೆ ಅವನಿಗೆ ಆಗುತ್ತಲೂ ಇರಲಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ಮನೆಯವರು ಇದ್ದಾರೋ ಇಲ್ಲವೋ ಸದ್ದಿಲ್ಲದೆಯೂ ಗೊತ್ತಾಗುವುದಿಲ್ಲವೇ, ಹಾಗೆ ದೇವರಿರುವುದು ಗೊತ್ತಾಗುತ್ತಿತ್ತು. ಆಮೇಲೆ ಒಂದು ಮಂಗಳವಾರ ಗೊತ್ತಾಗಲಿಲ್ಲ. ಅವನು ನಿದ್ದೆ ಸಾಲಲಿಲ್ಲವೆಂದುಕೊಂಡ. ಬುಧವಾರ ನೆಗಡಿಯೆಂದುಕೊಂಡ. ಎರಡು ವಾರ ಉಪವಾಸ ಮಾಡಿದ, ಕುರ್ಚಿ ಬಿಟ್ಟು ನೆಲದ ಮೇಲೆ ಮೊಣಕಾಲೂರಿದ, ಕೀರ್ತನೆಗಳನ್ನು ಗಟ್ಟಿಯಾಗಿ ಓದಿದ. ಪಕ್ಕದ ಮನೆಯವರು ಕೆಮ್ಮಿದರು, ಅಷ್ಟೆ. ಮನೆಯಲ್ಲಿ ಸಾವಾಗಿರಲಿಲ್ಲ, ರೋಗ ಬಂದಿರಲಿಲ್ಲ, ಮಗಳು ಒಳ್ಳೆಯ ಕಡೆ ನೆಲೆಯಾಗಿದ್ದಳು. ಕಾರಣವಿಲ್ಲದಿದ್ದುದೇ ದೊಡ್ಡ ಅವಮಾನ. ಕೈಕಾಲು ಮುರಿದವನು ಕುಂಟಿದರೆ ಜನ ದಾರಿ ಬಿಡುತ್ತಾರೆ. ನೆಟ್ಟಗಿರುವವನು ಕುಂಟಿದರೆ ಆಡಿಕೊಳ್ಳುತ್ತಾರೆ. ಆದರೂ ಅವನು ಕೂರುವುದನ್ನು ಬಿಡಲಿಲ್ಲ. ಐದಕ್ಕೆ ಕೂತು ಆರಕ್ಕೆ ಏಳುತ್ತಿದ್ದ, ಒಂದು ನಿಮಿಷ ಮೊದಲೂ ಇಲ್ಲ. ಅದು ಭಕ್ತಿಯಾಗಿರಲಿಲ್ಲ, ಹಟ. ಶಾಲೆಯ ಲೈಬ್ರರಿ ನೋಡಿಕೊಳ್ಳುವ ಹೆಂಡತಿ, ಮಾತು ಕಡಿಮೆ, ಆಡಿದರೆ ಚುರುಕು, ಒಂದು ದಿನ ನೀರು ಕುಡಿಯಲು ಎದ್ದು ಬಂದವಳು ಬಾಗಿಲಲ್ಲೇ ನಿಂತು, "ಬಸ್ಸು ಬರದ ಸ್ಟಾಪಿನಲ್ಲಿ ಕೂತ ಹಾಗೆ ಕೂತಿರ್ತೀರಲ್ರೀ," ಎಂದಿದ್ದಳು. "ಬಸ್ಸು ಬರದಿದ್ರೂ ಸ್ಟಾಪು ಇದೇ ತಾನೇ," ಎಂದಿದ್ದ ಅವನು, ಕಣ್ಣು ತೆರೆಯದೆ. ಅವಳು ಲೋಟ ತೊಳೆದಿಟ್ಟು, ನಿಮ್ಮಿಬ್ಬರ ಜಗಳಕ್ಕೆ ನನ್ನನ್ನು ಕರೀಬೇಡಿ ಎಂದು ಮಲಗಲು ಹೋಗಿದ್ದಳು. ಹದಿನೇಳು ತಿಂಗಳಲ್ಲಿ ಅವನಿಗೆ ಸಿಕ್ಕಿದ ಅತ್ಯಂತ ಗೌರವದ ಮಾತು ಅದೇ.

ಅಗೌರವದ್ದು ಬೇರೆ ಕಡೆ ಸಿಕ್ಕಿತ್ತು. ಆರನೆಯ ತಿಂಗಳಲ್ಲಿ ತಡೆಯಲಾರದೆ ಸಭೆಯ ಇನ್ನೊಬ್ಬ ಹಿರಿಯರ ಬಳಿ ಬಾಯಿಬಿಟ್ಟಿದ್ದ. ಅವರು ಸರ್ವೆ ಇಲಾಖೆಯಲ್ಲಿ ನಿವೃತ್ತರಾದವರು. ದೇವರ ರಾಜ್ಯಕ್ಕೂ ಒಂದು ನಕ್ಷೆಯಿದೆ, ಅದರ ಪ್ರತಿ ತಮ್ಮಲ್ಲಿದೆ ಎಂಬ ಧೋರಣೆ. ಎಲ್ಲವನ್ನೂ ಕೇಳಿ, ಕಣ್ಣು ಕಿರಿದು ಮಾಡಿ, ಎಲ್ಲೋ ಒತ್ತುವರಿಯಾಗಿದೆ ಎಂದರು. ಬಚ್ಚಿಟ್ಟ ಪಾಪ ಒಂದು ಇದ್ದೇ ಇರಬೇಕು, ಹುಡುಕು, ಬರೆ ಎಂದು ಹೊಸ ನೋಟುಬುಕ್ಕನ್ನೇ ಕೊಟ್ಟರು. ಅವನು ಬರೆದ. ಇಪ್ಪತ್ತರ ಪ್ರಾಯದ ಕೆಲವು ಕೆಲಸಗಳು, ತಮ್ಮನೊಡನೆ ಆರು ವರ್ಷ ಮಾತು ಬಿಟ್ಟದ್ದು, ಎರಡನೆಯ ಕ್ಲಾಸಿನಲ್ಲಿ ಕದ್ದ ರಬ್ಬರು. ಒಂಬತ್ತನೆಯ ಪುಟಕ್ಕೆ ಬರುವಾಗ ನಾಚಿಕೆಗಿಂತ ಬೇಜಾರು ಹೆಚ್ಚಾಗಿತ್ತು: ತಾನು ಎಷ್ಟು ಸಪ್ಪೆ ಪಾಪಿ. ಸರ್ವೆಯವರು ಅದನ್ನು ಓದಿ, ಇದಲ್ಲ, ಇನ್ನೊಂದಿದೆ, ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೀಯ ಎಂದು ಹಿಂದಿರುಗಿಸಿದರು. ಅಂದಿನಿಂದ ಆರಾಧನೆ ಮುಗಿದ ಮೇಲೆ ಅವನ ಹೆಗಲಿನ ಮೇಲೆ ಅಂಗೈಯಿಟ್ಟು ಎರಡು ಸಲ ಅಮುಕುತ್ತಿದ್ದರು. ಅವನು ಮತ್ತೆ ಬಾಯಿಗೆ ಬೀಗ ಹಾಕಿಕೊಂಡ. ಯಾರಾದರೂ ಪ್ರಾರ್ಥಿಸಿ ಎಂದರೆ ಹಳೆಯ ಪ್ರಾರ್ಥನೆಗಳ ತುಂಡುಗಳನ್ನೇ ಜೋಡಿಸಿ ಹೇಳುತ್ತಿದ್ದ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ತಡವರಿಸಬೇಕು, ಎಲ್ಲಿ ಹೆಣ್ಣುಮಕ್ಕಳು ಕಣ್ಣೊರೆಸಿಕೊಳ್ಳುತ್ತಾರೆ, ಎಲ್ಲ ಗೊತ್ತಿತ್ತು. ಕಟ್ಟಿದ ಹಲ್ಲು ಹುಟ್ಟಿದ ಹಲ್ಲಿಗಿಂತ ಚೆನ್ನಾಗಿ ಹೊಳೆಯುತ್ತದೆ, ಇದು ಅವನ ಕಸುಬಿನಲ್ಲೇ ಇದ್ದ ಮಾತು.

ಸೆಟ್ಟನ್ನು ನೀರು ತುಂಬಿದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಎರಡು ಗಂಟೆಗೆ ರಸ್ತೆಗಿಳಿದ. ತಿರುವಿನಲ್ಲಿ ಹಿಂದಿನಿಂದ ಹಾರನ್ ಎರಡು ಸಲ ಕೂಗಿತು. ಶಾಲೆಯ ಹಳದಿ ಬಸ್ಸು, ಮಕ್ಕಳಿಲ್ಲದೆ ಖಾಲಿ. ಸ್ಟೀರಿಂಗಿನ ಹಿಂದೆ ಅವನ ಸಭೆಗೇ ಬರುವ ಡ್ರೈವರಮ್ಮ, ತೋಳು ಮಡಿಚಿದ ಖಾಕಿ ಅಂಗಿ. ಅವನು ಕಾಣದವನಂತೆ ನಡಿಗೆ ಬಿರುಸು ಮಾಡಿದ. ಎಂಟು ತಿಂಗಳ ಹಿಂದೆ ಅವಳ ಗಂಡ, ಮೂವತ್ತೊಂಬತ್ತರ ಲಿಫ್ಟ್ ಮೆಕ್ಯಾನಿಕ್, ಕೆಟ್ಟ ಲಿಫ್ಟನ್ನು ಸರಿಪಡಿಸಲು ಮೆಟ್ಟಿಲು ಹತ್ತಿ ಹೋಗಿ, ಐದನೆಯ ಮಹಡಿಯಲ್ಲಿ ಎದೆ ಹಿಡಿದು ಕೂತವನು ಏಳಲಿಲ್ಲ. ಅವರ ಮನೆಯ ನಡುಕೋಣೆಯಲ್ಲಿ ಶವಪೆಟ್ಟಿಗೆಯ ಪಕ್ಕ ನಿಂತು ಪ್ರಾರ್ಥಿಸಲು ಅವನನ್ನೇ ಕರೆದಿದ್ದರು. ಅವಳು ಅಳುತ್ತಿರಲಿಲ್ಲ. ಗೋಡೆಯನ್ನೇ ನೋಡುತ್ತಿದ್ದಳು. ಆ ಗೋಡೆ ನೋಡುವ ಕಣ್ಣನ್ನು ತಾಳಲಾರದೆ, ಹಳೆಯ ತುಂಡುಗಳು ಸಾಲದೆ, ಅವನು ಅಂದುಬಿಟ್ಟಿದ್ದ: ಕರ್ತನು ಈ ಕೋಣೆಯಲ್ಲಿದ್ದಾನೆ, ನನಗೆ ಗೊತ್ತಾಗ್ತಿದೆ, ಈಗ, ಇಲ್ಲಿ, ನಿಮ್ಮ ಪಕ್ಕದಲ್ಲೇ. ಅವಳು ತಿರುಗಿ ಪಕ್ಕಕ್ಕೆ ನೋಡಿದ್ದಳು. ಆಮೇಲೆ ಮೊದಲ ಸಲ ಅತ್ತಿದ್ದಳು, ಅವನ ಕೈಯನ್ನು ಹಿಡಿದು ಹಣೆಗೊತ್ತಿಕೊಂಡು. ಅವನಿಗಾದರೋ ಆ ಕೋಣೆಯಲ್ಲಿ ಗೊತ್ತಾದದ್ದು ಹೂವಿನ ವಾಸನೆ, ಫ್ಯಾನಿನ ಸದ್ದು, ತನ್ನ ಬೂಟಿನೊಳಗೆ ಹರಿದ ಕಾಲುಚೀಲ.

ಬಸ್ಸು ಪಕ್ಕಕ್ಕೆ ಬಂದು ನಿಂತಿತು. ಅವಳು ಕಿಟಕಿಯಿಂದ ಬಗ್ಗಿ, ಎಲ್ಲಿಗೆ ಅಣ್ಣ, ಹತ್ತಿ, ಬಿಡ್ತೀನಿ ಎಂದಳು. ಇಲ್ಲೇ ಹತ್ತಿರ, ನಡೀತೀನಿ ಎಂದ. ನಾಳೆ ನಿಮ್ಮದೇ ಪ್ರಾರ್ಥನೆಯಂತೆ, ಪಾಸ್ಟರ್ ಹೇಳಿದ್ರು, ಎಂದು ನಕ್ಕಳು. ಹೋಗುವವಳು ಮತ್ತೆ ತಿರುಗಿ, ಹೇಳಲೋ ಬೇಡವೋ ಎಂಬಂತೆ, "ದಿನಾ ಕೀ ತಿರುಗಿಸೋಕೆ ಮುಂಚೆ ನೀವು ಅವತ್ತು ಅಂದ ಮಾತನ್ನ ಒಂದ್ಸಲ ಹೇಳ್ಕೋತೀನಿ ಅಣ್ಣ. ಇಲ್ಲೇ ಇದ್ದಾನೆ, ನಿಮಗೆ ಗೊತ್ತಾಗಿದೆ ಅಂತ. ಆಮೇಲೇ ಗೇರ್ ಹಾಕೋದು," ಎಂದಳು. ಬಸ್ಸು ಹೊರಟುಹೋಯಿತು. ಅವನು ಫುಟ್‌ಪಾತಿನ ಮೇಲೆ ಹಲ್ಲಿನ ಡಬ್ಬಿಯಿದ್ದ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಮೂವತ್ತು ಮಕ್ಕಳಿರುವ ಬಸ್ಸು ದಿನವೂ ಎರಡು ಸಲ ತನ್ನ ಒಂದು ಸುಳ್ಳಿನ ಮೇಲೆ ಊರು ಸುತ್ತುತ್ತಿದೆ.

ಟೀಚರು ಮೂರನೆಯ ಮಹಡಿಯಲ್ಲಿ ತಂಗಿಯ ಮಗಳ ಜೊತೆಗಿದ್ದರು. ಆಕೆ ಕೆಲಸಕ್ಕೆ ಹೋಗಿದ್ದಳು. ಟೀಚರು ಕಿಟಕಿಯ ಬಳಿ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು, ಕ್ಲಾಸು ಶುರುವಾಗಲೆಂದು ಕಾಯುವವರಂತೆ ಕೂತಿದ್ದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತಾರೆ, ನನ್ನ ಕಥೆ ನೋಡು, ಹಲ್ಲು ಬರೋ ಹೊತ್ತಿಗೆ ಹಸಿವೇ ಇಲ್ಲ, ಎಂದು ಬೊಚ್ಚುಬಾಯಲ್ಲಿ ನಕ್ಕರು. ಅವನು ಕೈ ತೊಳೆದು ಬಂದು ಮೇಲಿನದನ್ನು ಹಾಕಿದ, ಕೆಳಗಿನದನ್ನು ಹಾಕಿದ, ದವಡೆಯನ್ನು ಎರಡು ಬೆರಳಿನಿಂದ ಹಿಡಿದು ಕಚ್ಚಿಸಿದ. ಕುಸಿದಿದ್ದ ಮುಖ ಒಮ್ಮೆಲೇ ಎದ್ದು ನಿಂತಿತು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ನಲವತ್ತು ವರ್ಷಗಳ ಹಿಂದಿನ ಮುಖ, ಸೀಮೆಸುಣ್ಣದ ಧೂಳಿನ ಬೆರಳಿನಿಂದ ಕನ್ನಡಕವನ್ನು ಮೇಲಕ್ಕೆ ದೂಡುತ್ತಿದ್ದ ಮುಖ. ಸಾಸಿವೆ ಅನ್ನಿ, ಸೂಜಿ ಅನ್ನಿ ಎಂದು ಕೇಳಿದ; ಸಕಾರ ಸಿಳ್ಳೆಯಾಗದೆ ಬರಬೇಕು. ಅವರು ಅದನ್ನು ಕಿವಿಗೇ ಹಾಕಿಕೊಳ್ಳದೆ ಸತ್ಯವೇದದ ಪುಸ್ತಕಗಳ ಹೆಸರನ್ನು ಮೊದಲಿನಿಂದ ಸಾಲಾಗಿ ಹೇಳತೊಡಗಿದರು, ಪಾಠ ಒಪ್ಪಿಸುವ ಮಗುವಿನ ರಾಗದಲ್ಲಿ. ಅರ್ಧ ದಾರಿಯಲ್ಲಿ ಅವನ ಮುಖ ನೋಡಿ ನಿಲ್ಲಿಸಿದರು. ಏನೋ, ಎಂದರು.

"ಟೀಚರ್, ನನಗೆ ಪ್ರಾರ್ಥನೆ ಬರ್ತಿಲ್ಲ."

"ಕೂರೋದು ಬಿಟ್ಟಿದ್ದೀಯಾ?"

"ಇಲ್ಲ. ದಿನಾ ಕೂರ್ತೀನಿ. ಆ ಕಡೆ ಯಾರೂ ಇಲ್ಲ ಅನ್ಸುತ್ತೆ. ಹದಿನೇಳು ತಿಂಗಳಾಯ್ತು."

ಅವರು ಗಾಬರಿಯಾಗಲಿಲ್ಲ, ಅವನ ಕೈಯನ್ನು ಹಿಡಿಯಲೂ ಇಲ್ಲ. ನಾಲಿಗೆಯಿಂದ ಹೊಸ ಹಲ್ಲನ್ನು ತಡವುತ್ತ ಯಾವುದೋ ಲೆಕ್ಕ ಮಾಡುವವರಂತೆ ಚಾವಣಿ ನೋಡಿದರು. ತನಗೂ ಹಾಗಾಗಿತ್ತು, ಒಂದು ಸಲ ಆರು ವರ್ಷ, ಎಂದರು. ಯಾವಾಗ ಎಂದು ಕೇಳಿದ. "ನೀನು ಮೂಗು ಸುರಿಸ್ಕೊಂಡು ಮೊದಲನೇ ಬೆಂಚಲ್ಲಿ ಕೂರ್ತಿದ್ದೆಯಲ್ಲ, ಆಗ."

ಅವನಿಗೆ ಬಂದದ್ದು ಸಮಾಧಾನವಲ್ಲ, ಸಿಟ್ಟು. ಆ ಭಾನುವಾರಗಳನ್ನು ಅವನು ಒಂದು ಕಡೆ ಎತ್ತಿಟ್ಟಿದ್ದ, ಯಾರಿಗೂ ಮುಟ್ಟಲು ಬಿಡದೆ. ತಗಡಿನ ಚಾವಣಿಯ ಆ ಕೋಣೆ, ಇಪ್ಪತ್ತು ಮಕ್ಕಳು, ಇವರ ದನಿ. ಕಳೆದುಹೋದ ಕುರಿಯನ್ನು ಹುಡುಕುತ್ತ ಹೋದವನ ಕಥೆಯನ್ನು ಇವರು ಹೇಳಿದ ದಿನ ಹನ್ನೊಂದು ವರ್ಷದ ಅವನು ಹಿತ್ತಲಿನ ನೀರಿನ ತೊಟ್ಟಿಯ ಹಿಂದೆ ಹೋಗಿ ಕೂತು, ತನ್ನನ್ನು ಯಾರೋ ಹುಡುಕುತ್ತಿದ್ದಾರೆಂಬ ಖುಷಿಗೆ ಅತ್ತಿದ್ದ. ಅವನ ಮಿಕ್ಕ ಬದುಕೆಲ್ಲ ಆ ತೊಟ್ಟಿಯ ಹಿಂದಿನಿಂದ ಹೊರಟದ್ದು. ಅದು ಬಂದದ್ದು ಇಂಥ ಒಣಗಿದ ಬಾಯಿಂದಲೇ? ಹಾಗಾದರೆ ನಮಗೆ ಸುಳ್ಳು ಹೇಳಿದಿರಾ ಎಂದು ಕೇಳಿಬಿಟ್ಟ. ದನಿ ಎತ್ತರಿಸಿದ್ದು ಅವನಿಗೇ ಕೇಳಿಸಿತು. ಟೀಚರು ಕನ್ನಡಕ ತೆಗೆದು ಮಡಿಲಿನಲ್ಲಿಟ್ಟುಕೊಂಡರು.

"ನೆನಪು ಮಾಡ್ಕೊ. ನನಗೆ ಹಾಗನ್ನಿಸ್ತು, ಹೀಗನ್ನಿಸ್ತು ಅಂತ ಒಂದು ದಿನ ಹೇಳಿದ್ದೀನಾ? ಬರೆದಿರೋದನ್ನ ಓದಿದೆ. ನಂಬ್ತೀನಿ ಅಂದೆ. ನಂಬಿದ್ದೆ. ಅನ್ನಿಸದೇ ಇದ್ದದ್ದನ್ನ ಅನ್ನಿಸ್ತು ಅಂದ್ರೆ, ಅದು ಸುಳ್ಳು."

ಅವನು ತಲೆ ತಗ್ಗಿಸಿ ನೆನಪು ಮಾಡಿಕೊಂಡ. ಹೌದು, ಒಂದು ದಿನವೂ ಹೇಳಿರಲಿಲ್ಲ. ಕುರಿಯ ಕಥೆಯನ್ನು ಮಾತ್ರ ಹೇಳಿದ್ದರು, ಹುಡುಕುವವನ ಕಥೆಯನ್ನು, ತಮ್ಮ ಕಥೆಯನ್ನಲ್ಲ. ಆಮೇಲೆ ವಾಪಸ್ ಬಂತೇ ಎಂದು ಮೆಲ್ಲಗೆ ಕೇಳಿದ. ಬಂತು, ಒಂದು ದಿನ ಬಟ್ಟೆ ಒಣಹಾಕುವಾಗ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಚೆನ್ನಾಗಿ ಬೈದೆ, ಉತ್ತರ ಕೊಡಲಿಲ್ಲ. ಆಮೇಲೆ ಮತ್ತೆ ಹೋಯಿತು, ಮತ್ತೆ ಬಂತು, ಎಂದರು. ಈಗ, ಎಂದು ಕೇಳಿದ.

"ಈಗ ಈ ಕಡೆ ಹಲ್ಲು ಒತ್ತುತ್ತಿದೆ. ಸ್ವಲ್ಪ ಉಜ್ಜು."

ಅವನು ಉಜ್ಜಿದ. ಮೂರು ಸಲ ತೆಗೆದು, ಮೂರು ಸಲ ಹಾಕಿ, ಒತ್ತುವುದು ನಿಂತ ಮೇಲೆ ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದ. ಮೆಟ್ಟಿಲಿಳಿಯುವಾಗ ತನಗೆ ಬೇಕಿದ್ದುದು ಇದಲ್ಲ ಎನ್ನಿಸಿತು. ಅವನಿಗೆ ಬೇಕಿದ್ದುದು ಯಾರಾದರೂ ತಲೆ ನೇವರಿಸಿ, ಹೋಗು, ಎಲ್ಲ ಸರಿಹೋಗುತ್ತದೆ ಎನ್ನುವುದು. ಸಿಕ್ಕಿದ್ದು ಒಂದು ಗೆರೆ. ಗೆರೆಯ ಆ ಕಡೆ ಆರು ವರ್ಷ ಒಣಗಿ ನಿಂತು ಮಕ್ಕಳಿಗೆ ಕಥೆ ಹೇಳಿದ ಹೆಂಗಸು. ಈ ಕಡೆ ಒಬ್ಬ ವಿಧವೆಯ ಕಣ್ಣಿಗೆ ಹೆದರಿ ಬಾಯಿಗೆ ಬಂದದ್ದನ್ನು ಹೇಳಿದ ಗಂಡಸು. ಎರಡನ್ನೂ ತಾನು ಇಷ್ಟು ದಿನ ಒಂದೇ ಎಂದು ಭಾವಿಸಿ ನರಳಿದ್ದ. ಒಣಗಿದ್ದಕ್ಕೆ ಅವನು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಆ ಮಾತಿಗೆ ಕೊಡಬೇಕಿತ್ತು.

ಬಸ್ಸುಗಳು ನಿಲ್ಲುವ ಅಂಗಳದಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಡ್ರೈವರಮ್ಮ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿ, ಪೈಪು ಹಿಡಿದು ತನ್ನ ಬಸ್ಸನ್ನು ತೊಳೆಯುತ್ತಿದ್ದಳು. ಅವನನ್ನು ಕಂಡು ನೀರು ನಿಲ್ಲಿಸಲು ಹೋದಳು. ಬೇಡ, ತೊಳೀತಿರಿ ಎಂದ. ಅವಳು ಬೇರೆ ಕಡೆ ನೋಡುತ್ತಿದ್ದರೆ ಹೇಳುವುದು ಸುಲಭ ಎಂಬ ಹೇಡಿತನ ಅದು ಎಂದು ಗೊತ್ತಾಗಿ, ಅಲ್ಲ, ನಿಲ್ಲಿಸಿ ಎಂದ. ನಿಲ್ಲಿಸಿದಳು. ಅವನು ಹೇಳಿದ. ಅವತ್ತು ನನಗೇನೂ ಗೊತ್ತಾಗಿರಲಿಲ್ಲ, ಒಂದು ವರ್ಷಕ್ಕಿಂತ ಹೆಚ್ಚಾಯಿತು ನನಗೇನೂ ಗೊತ್ತಾಗದೆ, ನಿಮ್ಮ ಮುಖ ನೋಡೋಕಾಗದೆ ಹಾಗಂದೆ. ಪೈಪಿನ ಬಾಯಿಂದ ಇನ್ನೂ ತೊಟ್ಟಿಕ್ಕುತ್ತಿದ್ದ ನೀರು ಅವಳ ಪಾದದ ಮೇಲೆ ಬೀಳುತ್ತಿತ್ತು. ಅವಳ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಆಮೇಲೆ ಮತ್ತೆ ಅದೇ ಗೋಡೆ ನೋಡುವ ಕಣ್ಣು ಬಂತು, ಈ ಸಲ ಗೋಡೆಯ ಜಾಗದಲ್ಲಿ ಅವನಿದ್ದ.

"ಈಗ ಯಾಕೆ ಹೇಳ್ತಿದ್ದೀರಿ?"

ಸುಳ್ಳು ಅಂತ ಗೊತ್ತಿದ್ದೂ ನಿಮ್ಮನ್ನ ಅದರ ಮೇಲೆ ಬಿಡೋಕೆ ಆಗಲ್ಲ ಎಂದ.

"ನಿಮ್ಮ ಹೊರೆ ಇಳಿಸ್ಕೊಳ್ಳೋಕೆ ನನ್ನ ತಲೆಯೇ ಬೇಕಿತ್ತಾ? ಎಂಟು ತಿಂಗಳು ಅದೊಂದನ್ನ ಹಿಡ್ಕೊಂಡು ಎದ್ದಿದ್ದೀನಿ. ಸೋಮವಾರ ನಾನು ಏನಂತ ಹೇಳ್ಕೊಂಡು ಕೀ ತಿರುಗಿಸ್ಲಿ?"

ಟೀಚರು ಹೇಳಿದ್ದನ್ನು ಹೇಳಬಹುದಿತ್ತು; ಆದರೆ ಇನ್ನೊಬ್ಬರ ಮಾತನ್ನು ತನ್ನದೆಂದು ಕಟ್ಟಿ ಕೊಡುವ ಕಸುಬನ್ನು ಬಿಡಲೆಂದೇ ಅವನು ಅಲ್ಲಿಗೆ ಬಂದದ್ದು. ಗೊತ್ತಿಲ್ಲ ಎಂದ. ಅವಳು ನೀರು ಬಿಟ್ಟಳು. ಹೋಗಿ ಅಣ್ಣ, ಎಂದಳು, ಬಸ್ಸಿನ ಕಡೆಗೆ ತಿರುಗಿ. ಅಣ್ಣ ಎಂಬ ಮಾತನ್ನು ಅಭ್ಯಾಸಬಲದಿಂದ ಅಂದು, ಅಂದದ್ದಕ್ಕೆ ತನ್ನ ಮೇಲೇ ರೇಗಿದವಳಂತೆ ಪೈಪನ್ನು ಗಾಜಿಗೆ ಹಿಡಿದಳು. ಅವನ ಅಂಗಿಯ ಒಂದು ಮಗ್ಗುಲು ನೆನೆಯಿತು. ಬೇಕೆಂದೇ ಮಾಡಿದಳೋ ಏನೋ. ಹಾಗೇ ಮನೆಗೆ ನಡೆದ. ಎಲ್ಲವನ್ನೂ ಕೇಳಿದ ಹೆಂಡತಿ ಒಣಗಿದ ಅಂಗಿಯೊಂದನ್ನು ತಂದುಕೊಟ್ಟು, ಅವಳು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ ಎಂದಳು. ನೀವು ಹೇಳಿದ್ದರಲ್ಲೂ ತಪ್ಪಿಲ್ಲ ಎಂದು ಆಮೇಲೆ, ಊಟಕ್ಕೆ ಕೂತಾಗ, ಯಾವುದೋ ಬೇರೆ ಮಾತಿನ ನಡುವೆ ಸೇರಿಸಿದಳು.

ಭಾನುವಾರ ಆರಾಧನೆಗೆ ಅರ್ಧ ಗಂಟೆ ಮೊದಲು ಪಾಸ್ಟರನ್ನು ಅವರ ಚಿಕ್ಕ ಕೋಣೆಯಲ್ಲಿ ಕಂಡು ಇದ್ದದ್ದನ್ನು ಇದ್ದಹಾಗೆ ಹೇಳಿದ. ನಾನು ಪ್ರಾರ್ಥಿಸುವುದಿಲ್ಲ ಎನ್ನುತ್ತಿಲ್ಲ, ಇವತ್ತೂ ಪ್ರಾರ್ಥಿಸುತ್ತೇನೆ, ಆದರೆ ಒಳಗೆ ಏನೋ ಆಗುತ್ತಿದೆ ಎಂಬಂತೆ ದನಿ ಮಾಡುವುದಿಲ್ಲ, ಎಂದ. ಪಾಸ್ಟರ್ ಒಳ್ಳೆಯವರು. ನಗು ನಿಂತಿತು, ಆದರೆ ಕಣ್ಣಿನಲ್ಲಿ ನಿಜವಾದ ಕನಿಕರ ಬಂತು. ಇಂಥ ಕಾಲ ಎಲ್ಲರಿಗೂ ಬರುತ್ತದೆ ಅಣ್ಣ, ಇದು ಕಳೆಯುತ್ತದೆ, ಕಳೆದ ಮೇಲೆ ನೀವು ನಿಂತು ಸಾಕ್ಷಿ ಹೇಳಬೇಕು, ಎಷ್ಟು ಜನಕ್ಕೆ ಬಲ ಬರುತ್ತೆ, ಇವತ್ತು ಮಾತ್ರ ಬೇಡ, ಹೊರಗಿನವರಿದ್ದಾರೆ, ಇವತ್ತು ವಿಶ್ರಾಂತಿ ತಗೊಳ್ಳಿ ಎಂದರು. ದೊಡ್ಡ ಪ್ರಾರ್ಥನೆ ಸರ್ವೆಯವರ ಪಾಲಾಯಿತು. ಅವನು ಹೊರಗೆ ಬಂದು ಹೆಂಡತಿಯ ಪಕ್ಕ ನಾಲ್ಕನೆಯ ಬೆಂಚಿನಲ್ಲಿ ಕೂತ. ಒಂದು ಬಗೆಯ ಹಗುರವಾಗಬೇಕಿತ್ತು, ಆಗಲಿಲ್ಲ. ಕಳೆದ ಮೇಲೆ ಎಂಬ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡುತ್ತಿತ್ತು. ಎಷ್ಟು ವರ್ಷ ಈ ಬೆಂಚುಗಳಲ್ಲಿ ಕೂತು ಸಾಕ್ಷಿಗಳನ್ನು ಕೇಳಿದ್ದಾನೆ: ರೋಗವಿತ್ತು, ವಾಸಿಯಾಯಿತು, ಕತ್ತಲಿತ್ತು, ಬೆಳಕಾಯಿತು. ಎಲ್ಲರೂ ದಡ ಮುಟ್ಟಿ ಬಟ್ಟೆ ಬದಲಾಯಿಸಿದ ಮೇಲೇ ಮಾತಾಡಿದವರು. ನೀರಿನಲ್ಲಿರುವಾಗ ಒಬ್ಬನೂ ಬಾಯಿ ತೆರೆದದ್ದಿಲ್ಲ. ಹಾಗಾಗಿಯೇ ನೀರಿನಲ್ಲಿದ್ದವರೆಲ್ಲ ತಾವೊಬ್ಬರೇ ಎಂದುಕೊಂಡಿದ್ದಾರೆ. ಮತ್ತೆ, ಕಳೆಯದಿದ್ದರೆ? ತಾನು ಸಾಯುವವರೆಗೆ ಹೀಗೇ ಇದ್ದರೆ? ಆಗ ಈ ಸಭೆಯಲ್ಲಿ ಅವನು ಹೇಳಬೇಕಾದ್ದು ಏನೂ ಇಲ್ಲವೇ?

ಸರ್ವೆಯವರು ಪ್ರಾರ್ಥಿಸಿದರು, ಗಡಿಕಲ್ಲು ನೆಡುವ ಹಾಗೆ ಒಂದೊಂದೇ ವಾಕ್ಯ. ಬೇರೆ ಸಭೆಯಿಂದ ಬಂದವರು ಮಾತಾಡಿದರು. ಕೊನೆಗೆ ಪಾಸ್ಟರ್, ವಾಡಿಕೆಯಂತೆ, ಯಾರಾದರೂ ಸಾಕ್ಷಿ ಹೇಳುವವರಿದ್ದರೆ ಹೇಳಬಹುದು ಎಂದರು. ಒಬ್ಬಳು ಎದ್ದು ಮಗನ ಪರೀಕ್ಷೆಯ ವಿಷಯ ಹೇಳಿ ಕೂತಳು. ಅವನು ಮುಂದಿನ ಬೆಂಚಿನ ಬೆನ್ನನ್ನು ಹಿಡಿದುಕೊಂಡ. ಪಕ್ಕದಲ್ಲಿ ಹೆಂಡತಿ ಅವನ ಕಡೆ ನೋಡದೆಯೇ, ಅವನ ಕಾಲಿಗೆ ಅಡ್ಡವಾಗಿದ್ದ ತನ್ನ ಕೈಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡಳು. ಅವನು ಎದ್ದ.

"ಹದಿನೇಳು ತಿಂಗಳಿಂದ ನನಗೆ ದೇವರು ಇದ್ದಾನೆ ಅಂತ ಒಂದು ಸಲವೂ ಅನ್ನಿಸಿಲ್ಲ," ಎಂದ. ಫ್ಯಾನುಗಳ ಸದ್ದು ಒಮ್ಮೆಲೇ ದೊಡ್ಡದಾಯಿತು. "ಈ ಮಧ್ಯೆ ನಿಮ್ಮ ಮನೆಗಳಲ್ಲಿ, ನಿಮ್ಮ ಆಸ್ಪತ್ರೆ ಮಂಚಗಳ ಹತ್ತಿರ, ಅನ್ನಿಸ್ತಿದೆ ಅನ್ನೋ ಹಾಗೆ ಪ್ರಾರ್ಥನೆ ಮಾಡಿದ್ದೀನಿ. ಅದು ತಪ್ಪು. ಕ್ಷಮೆ ಕೇಳ್ತೀನಿ. ಆದ್ರೆ ಒಣಗಿದ್ದು ತಪ್ಪಲ್ಲ. ಅದಕ್ಕೆ ಕ್ಷಮೆ ಕೇಳಲ್ಲ." ಸರ್ವೆಯವರು ಗಂಟಲು ಸರಿಮಾಡಿಕೊಂಡು, ಪಕ್ಕದವರಿಗೆ ಕೇಳುವಂತೆ ಒಂದು ಹಾಡಿನ ಮೊದಲ ಸಾಲನ್ನು ಗುನುಗತೊಡಗಿದರು; ಎರಡು ಮೂರು ದನಿ ಸೇರಿಕೊಳ್ಳಲು ನೋಡಿ ನಿಂತವು. ಅವನ ದನಿ ಜಾಸ್ತಿಯಾಯಿತು. ಇದು ಮುಗಿದ ಮೇಲೆ ಹೇಳಿ ಎಂದಿದ್ದಾರೆ, ಮುಗಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಮುಗಿಯದೆ ಇದ್ದರೂ ನಾನು ಇಲ್ಲೇ ಇರುತ್ತೇನೆ, ಬೇಕಾದರೆ ಇನ್ನು ಮೇಲೆ ಪ್ರಾರ್ಥನೆಗೆ ಕರೆಯಬೇಡಿ, ಬೆಂಚಿನಿಂದ ಏಳಿಸಲು ಮಾತ್ರ ನೋಡಬೇಡಿ, ಎಂದ. ಹೇಳಬೇಕಾದ್ದು ಇನ್ನೂ ಏನೋ ಇತ್ತು, ಮರೆತುಹೋಯಿತು. ನಿಂತೇ ಇದ್ದ. ನೂರೈವತ್ತು ಮುಖಗಳು. ಎಷ್ಟೋ ಜನರ ಹಲ್ಲು ಅವನಿಗೆ ಗೊತ್ತಿತ್ತು, ಮುಖ ಒಂದೂ ಅರ್ಥವಾಗಲಿಲ್ಲ. ಪಾಸ್ಟರ್ ಮೈಕಿನ ಕಡೆ ಒಂದು ಹೆಜ್ಜೆ ಇಟ್ಟರು.

ಹಿಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ಡ್ರೈವರಮ್ಮ ಎದ್ದು ನಿಂತಿದ್ದಳು. ಅವಳು ಬಂದದ್ದು ಅವನಿಗೆ ಗೊತ್ತಿರಲಿಲ್ಲ. ರಾತ್ರಿಯೆಲ್ಲ ನಿದ್ದೆ ಮಾಡಿರದ ಮುಖ. ಹೊರಗೆ ಹೋಗುತ್ತಾಳೆಂದು ಎಲ್ಲರೂ ಅವಳಿಗೆ ದಾರಿ ಮಾಡಲು ಕಾಲು ಮಡಿಚಿಕೊಂಡರು. ಅವಳು ಹೋಗಲಿಲ್ಲ.

"ಪಾಸ್ಟರ್, ಒಂದು ನಿಮಿಷ," ಎಂದಳು. ಆಮೇಲೆ ಅವನಿಗೆ, "ನಿಮ್ಮನ್ನ ನಾನು ಕ್ಷಮಿಸಿಲ್ಲ. ಅದು ಬೇರೆ. ಈಗ ಮಾಡಿ ಪ್ರಾರ್ಥನೆ. ಸುಳ್ಳಿಲ್ಲದೆ ಹೇಗೆ ಮಾಡ್ತೀರೋ ನಾನು ಕೇಳ್ಬೇಕು. ನಾಳೆ ನನಗೆ ಬೇಕಾಗುತ್ತೆ."

ಪಾಸ್ಟರ್ ಅಲ್ಲೇ ನಿಂತರು. ಸರ್ವೆಯವರ ಗುನುಗು ನಿಂತಿತು. ಅವನು ಕಣ್ಣು ಮುಚ್ಚಲು ಹೋಗಿ, ಮುಚ್ಚಿದರೆ ಅಭ್ಯಾಸದ ದನಿ ಬಂದುಬಿಟ್ಟೀತೆಂದು ಹೆದರಿ ತೆರೆದೇ ಇಟ್ಟ. ಎದುರಿಗೆ ಬಿಳಿ ಗೋಡೆ, ಅದರ ಮೇಲೆ ಬರಿಯ ಮರದ ಶಿಲುಬೆ, ಅದರ ನೆರಳು. ಒಳಗೆ ಹುಡುಕಿದ. ಒಂದು ಬಿಸಿ ಇಲ್ಲ, ಒಂದು ಮಿಡಿತ ಇಲ್ಲ, ತುದಿ ನಾಲಿಗೆಯ ಮೇಲೆ ತಯಾರಾದ ಮಾತೂ ಇಲ್ಲ. ಬಾಯಿ ನಿಜವಾಗಿಯೂ ಒಣಗಿತ್ತು. ಹೇಳುವ ಮುಂಚೆ ಅವನು ತುಟಿ ಸವರಿಕೊಳ್ಳಬೇಕಾಯಿತು.

"ಕರ್ತನೇ," ಎಂದ. ದನಿ ಗೊಗ್ಗರಾಗಿತ್ತು. "ನಿನಗೆ ಕೇಳಿಸ್ತಿದೆಯೋ ಇಲ್ಲವೋ ನನಗೆ ಗೊತ್ತಾಗ್ತಿಲ್ಲ. ಕೇಳಿಸ್ತಿದೆ ಅಂತ ಬರೆದಿದೆ, ಆ ಮಾತಿನ ಮೇಲೆ ಮಾತಾಡ್ತಿದ್ದೀನಿ. ನೀನು ಸುಮ್ಮನಿದ್ರೆ ನಾನು ಎದ್ದು ಹೋಗ್ತೀನಿ ಅಂದ್ಕೊಂಡಿದ್ರೆ, ಅದಾಗಲ್ಲ. ನೀನು ಸುಮ್ಮನಿರು, ನಿನ್ನ ಇಷ್ಟ. ನಾನು ಹೋಗೋನಲ್ಲ. ಈ ತಂಗಿಗೆ ನಾಳೆ ಬೆಳಿಗ್ಗೆ ಬಸ್ಸು ತೆಗೀಬೇಕು. ಅವಳ ಪಕ್ಕದಲ್ಲಿ ನೀನಿದ್ದೀಯ ಅಂತ ನನಗೆ ಅನ್ನಿಸ್ತಿಲ್ಲ, ಅವಳಿಗೂ ಅನ್ನಿಸ್ತಿಲ್ಲ. ಅನ್ನಿಸದಿದ್ರೂ ಇರು. ಇರ್ತೀನಿ ಅಂತ ಅಂದೋನು ನೀನು, ನಾವಲ್ಲ."

ಅವನು ನಿಲ್ಲಿಸಿ ಕಾದ, ಹದಿನೇಳು ತಿಂಗಳಿನಿಂದ ಪ್ರತಿ ವಾಕ್ಯದ ಕೊನೆಗೂ ಕಾದಂತೆ. ಏನೂ ಬರಲಿಲ್ಲ. ಯಾರೋ ಮಗುವಿನ ಬಾಯಿ ಮುಚ್ಚಿದರು. ಹೊರಗೆ ರಸ್ತೆಯಲ್ಲಿ ಒಂದು ಗಾಡಿ ಹೋಯಿತು. ಹಿಂದಿನ ಸಾಲಿನಿಂದ ಡ್ರೈವರಮ್ಮನ ದನಿ ಬಂತು, ಗಟ್ಟಿಯಾಗಿ, ಪೂರ್ತಿ ಒಪ್ಪದೆ, ಅರ್ಧ ಜಗಳದಂತೆ: "ಹೂಂ. ಮುಂದೆ?"

ಅವನು ಮತ್ತೆ ತುಟಿ ಸವರಿಕೊಂಡು, ಮುಂದುವರಿಸಿದ.